ಎಂಟು ಮನೆಯ ಚೌಕಗಳು

ಕೈಕೆಲಸ ಬಲ್ಲವರ ಕೈಗೆ ಒಂದು ಕಸೂತಿ ಬಟ್ಟೆಯನ್ನು ಕೊಟ್ಟು ನೋಡಿ. ತೇರು ಗೋಪುರಗಳ ಚಂದ ನೋಡುವುದಕ್ಕೆ ಮೊದಲೇ ಅವರು ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ. ದಾರವನ್ನು ಎಲ್ಲಿ ಮುಗಿಸಿದ್ದಾರೆ, ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನಿಂದ ಉದ್ದಕ್ಕೆ ಎಳೆದು ಅವಸರ ಮಾಡಿದ್ದಾರೆಯೇ, ಗಂಟು ಹಾಕಿದ್ದಾರೆಯೇ ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಕಸೂತಿಯ ಗವಂತಿ ಹೊಲಿಗೆಯಲ್ಲಂತೂ ಗಂಟಿಗೆ ಎಡೆಯೇ ಇಲ್ಲ; ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಒಂದು ಬಿಟ್ಟು ಒಂದರಂತೆ ಹೊಲಿಯುತ್ತ ಹೋದ ದಾರವು ಅದೇ ದಾರಿಯಲ್ಲಿ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುವುದರಿಂದ ಎರಡೂ ಬದಿ ಒಂದೇ ಸಮನಾಗಿ ಕಾಣಬೇಕು. ದುಡ್ಡು ಕೊಟ್ಟು ಕೊಳ್ಳುವವರು ಹೀಗೆ ಮಗುಚಿ ನೋಡುವುದನ್ನು ನಾನು ಕಂಡದ್ದು ಕಡಿಮೆ. ಸೀರೆಗೆ ಕುಚ್ಚು ಕಟ್ಟಿಕೊಡುವುದು ನನ್ನ ಸಣ್ಣ ಸಂಪಾದನೆಯಾದ್ದರಿಂದ ಗಿರಾಕಿಗಳ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ಗೊತ್ತು: ಅವರು ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಾರೆ, ಅದು ತಪ್ಪೂ ಅಲ್ಲ. ಆದರೆ ಹಿಂಬದಿಯನ್ನು ನೋಡುವ ಕಣ್ಣು ಬೇಕೆಂದಿದ್ದರೆ ಅದೇ ಕೆಲಸ ಮಾಡುವವರ ಕೈಗೇ ಕೊಡಬೇಕು.

ಹಾಗೆ ಕೊಟ್ಟು ಕೊಳ್ಳುವುದಕ್ಕಾಗಿಯೇ ಮೈಸೂರು ಮತ್ತು ಮಂಡ್ಯ ಜಿಲ್ಲೆಯ ನಾವು ಎಂಟು ಮಂದಿ, ದಸರೆಗೆ ಮುಂಚೆ ಒಂದು ಸಲ ಮತ್ತು ಸಂಕ್ರಾಂತಿಗೆ ಮುಂಚೆ ಇನ್ನೊಂದು ಸಲ, ಕೈಯಾರೆ ಮಾಡಿದ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ಸರಸ್ವತಿಪುರಂನಲ್ಲಿರುವ ಒಬ್ಬ ನಿವೃತ್ತ ಶಿಕ್ಷಕಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು, ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಗದ್ದೆ ಮಾಡಿಸುವ ಮನೆಯ ಸೊಸೆ, ಮೈಸೂರು ಶೈಲಿಯ ಚಿತ್ರ ಬರೆಯುವ ಒಬ್ಬ ಹುಡುಗ, ಹೀಗೆ ಬೇರೆ ಯಾವ ಕಾರಣಕ್ಕೂ ಒಂದು ಕಡೆ ಸೇರದಿದ್ದ ಜನ ನಾವು. ಕೈಕೆಲಸದವರ ನಡುವೆ ಇದಕ್ಕೆ ಚಾಲ್ತಿಯಲ್ಲಿರುವ ಮಾತು ಸ್ವಾಪ್. ಮೊದಲ ಸಲ ಇದರಲ್ಲಿ ಸೇರಿದಾಗ ಮನೆಯಲ್ಲಿ ಕುಳಿತು ಏನು, ಎತ್ತ ಎಂದು ನಾನು ವಿವರಿಸುತ್ತಿದ್ದೆ. ಮಂಡ್ಯ ಕಡೆಯವರಾದ ನನ್ನ ಅತ್ತೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಮುಯ್ಯಿ ಅನ್ನು, ಅದಕ್ಯಾಕೆ ಇಷ್ಟುದ್ದ ಹೇಳ್ತೀಯ?” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಅತ್ತೆಯ ಮಾತು ನನ್ನ ವಿವರಣೆಗಿಂತ ಸರಿಯಾಗಿತ್ತು ಎಂದು ಈಗ ಅನ್ನಿಸುತ್ತದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ನಾಟಿಗೋ ಕಳೆಗೋ ಕೊಯ್ಲಿಗೋ ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗಿ, ಆ ದುಡಿಮೆಯನ್ನು ದುಡಿಮೆಯಾಗಿಯೇ ಮರಳಿ ಪಡೆಯುವುದಕ್ಕೆ ಮುಯ್ಯಾಳು ಎನ್ನುತ್ತಾರೆ. ಮದುವೆಯ ಮನೆಯಲ್ಲಿ ಒಬ್ಬರು ನೋಟ್‌ಪುಸ್ತಕ ಹಿಡಿದು ಕುಳಿತು ಯಾರು ಎಷ್ಟು ಹಾಕಿದರು ಎಂದು ಬರೆದುಕೊಳ್ಳುವುದೂ ಮುಯ್ಯಿಯೇ. ಮುಂದೆ ಅವರ ಮನೆಯ ಮದುವೆ ಬಂದಾಗ ಆ ಪುಸ್ತಕ ಅಟ್ಟದಿಂದ ಕೆಳಗಿಳಿಯುತ್ತದೆ. ಹೊರಗಿನವರಿಗೆ ಇದು ಲೆಕ್ಕಾಚಾರದಂತೆ ಕಾಣಬಹುದು. ಆದರೆ ಈ ಲೆಕ್ಕದಲ್ಲಿ ರೂಪಾಯಿಗೆ ರೂಪಾಯಿ ಸರಿದೂಗಬೇಕೆಂಬ ಹಟ ಇರುವುದಿಲ್ಲ. ಗಟ್ಟಿಗರು ಎರಡು ಸಾಲು ಹೆಚ್ಚಿಗೆ ನೆಟ್ಟರೆ ವಯಸ್ಸಾದವರು ಎರಡು ಸಾಲು ಕಡಿಮೆ ನೆಡುತ್ತಾರೆ, ಆಳಿಗೆ ಆಳು ಸರಿಹೋಗುತ್ತದೆ. ಹಟ ಇರುವುದು ಹೊತ್ತಿನ ವಿಷಯದಲ್ಲಿ. ನಾಟಿಗೆ ಬಂದ ಆಳಿನ ಋಣವನ್ನು ನಾಟಿ ಮುಗಿದ ಮೇಲೆ ತೀರಿಸುತ್ತೇನೆ ಎಂದರೆ ಯಾರೂ ಒಪ್ಪುವುದಿಲ್ಲ. ಕೈಕೆಲಸದ ಅದಲುಬದಲಿನಲ್ಲಿ ಬಂದ ಜಗಳಗಳನ್ನೂ ಮುನಿಸುಗಳನ್ನೂ ನೆನೆದುಕೊಂಡರೆ ವಸ್ತು ಚಿಕ್ಕದಾಯಿತೆಂದು ಬಂದವು ಒಂದೋ ಎರಡೋ, ಹೊತ್ತಿಗೆ ಬರಲಿಲ್ಲವೆಂದು ಬಂದವೇ ಉಳಿದವೆಲ್ಲ.

ನಾನು ಈ ಗೀಳಿಗೆ ಬಿದ್ದದ್ದು ಬಟ್ಟೆ ದಾರಗಳಿಂದಲ್ಲ, ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಕಾಗದದ ಎಲೆಗಳಿಂದ. ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡ್ ಎಂದು ಅವುಗಳ ಹೆಸರು. ಸ್ವಿಟ್ಜರ್ಲೆಂಡಿನ ಕಲಾವಿದ ವಾಂಚಿ ಸ್ಟಿರ್ನೆಮಾನ್ 1997ರಲ್ಲಿ ಜ್ಯೂರಿಕ್ ನಗರದಲ್ಲಿ ತಮ್ಮ ಇಂಥ ಕಾರ್ಡುಗಳನ್ನು ಪ್ರದರ್ಶನಕ್ಕಿಟ್ಟು, ನೋಡಲು ಬಂದವರಿಗೆ ನೀವೂ ಮಾಡಿ ತನ್ನಿ, ಬದಲಾಯಿಸಿಕೊಳ್ಳೋಣ ಎಂದು ಕರೆಕೊಟ್ಟರು. ಅಲ್ಲಿಂದ ಆ ಅಭ್ಯಾಸ ದೇಶದೇಶಗಳಿಗೆ ಹಬ್ಬಿತು. ಅಳತೆ ಬದಲಾಗಬಾರದು, ಕಾರ್ಡನ್ನು ಮಾರಬಾರದು, ಹಿಂಬದಿಯಲ್ಲಿ ಮಾಡಿದವರ ಹೆಸರು ಮತ್ತು ತಾರೀಖು ಇರಬೇಕು. ಉಳಿದಂತೆ ಅದರ ಮೇಲೆ ಚಿತ್ರ ಬರೆಯಿರಿ, ಬಟ್ಟೆ ಅಂಟಿಸಿ, ಹೊಲಿಗೆ ಹಾಕಿ, ಕೇಳುವವರಿಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಜಾಗದಲ್ಲಿ ಒಂದು ಲೋಕವನ್ನೇ ಬರೆಯುವುದು ಮೈಸೂರಿನವರಿಗೆ ತೀರಾ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಚಿತ್ರ ಬರೆದ ಇಸ್ಪೀಟೆಲೆಗಳಂಥ ಗಂಜೀಫಾ ಎಲೆಗಳ ಆಟಗಳೇ ರೂಪುಗೊಂಡ ಊರು ಇದು. ಇಂಥ ಕಾರ್ಡುಗಳನ್ನು ನಾನು ಹೊರದೇಶದ ನಾಲ್ಕೈದು ಮಂದಿಯೊಂದಿಗೆ ಬದಲಾಯಿಸಿಕೊಳ್ಳುತ್ತಿದ್ದೆ. ಲಕೋಟೆ ದಪ್ಪವಾದರೆ ಸಿಎನ್ 22 ಎಂಬ ಸುಂಕದ ಚೀಟಿಯಲ್ಲಿ ಒಳಗಿರುವುದು ಏನು, ಅದರ ಬೆಲೆ ಎಷ್ಟು ಎಂದು ಬರೆಯಬೇಕಾಗುತ್ತದೆ. ಮೂರು ಸಂಜೆ ಕುಳಿತು ಹೊಲಿದ ಚೂರಿಗೆ ಬೆಲೆ ಎಷ್ಟು ಬರೆಯಲಿ ಎಂದು ಅಂಚೆ ಕಚೇರಿಯ ಕಟಕಟೆಯ ಮುಂದೆ ಪೆನ್ನು ಹಿಡಿದು ನಿಂತದ್ದು ಇನ್ನೂ ನೆನಪಿದೆ. ಹಿಂದೆ ನಿಂತವರು ಕೆಮ್ಮಿದ ಮೇಲೆ ಐವತ್ತು ರೂಪಾಯಿ ಎಂದು ಬರೆದೆ.

2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತು ಹೊರದೇಶದ ಅಂಚೆಯೂ ನಿಂತುಹೋಯಿತು. ಕಳುಹಿಸಲು ಸಿದ್ಧವಾಗಿದ್ದ ಆರು ಕಾರ್ಡುಗಳು ಮೇಜಿನ ಸೆಳೆಖಾನೆಯಲ್ಲಿ ಉಳಿದವು. ಆ ವರ್ಷದ ಕೊನೆಗೆ, ಊರೊಳಗೇ ಯಾರಾದರೂ ಇರಬಹುದಲ್ಲ ಎಂದು ಹುಡುಕಿದಾಗ ಶಿವರಾಮಪೇಟೆಯ ದಾರದಂಗಡಿಯಲ್ಲಿ ಪರಿಚಯವಾದ ಒಬ್ಬರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಸೇರಿ ಒಂಬತ್ತು ಮಂದಿಯಾದೆವು. ಹೌದು, ಆಗ ಒಂಬತ್ತು. ಎಂಟಾದದ್ದು ಹೇಗೆ ಎಂಬುದನ್ನೂ ಹೇಳಲೇಬೇಕು.

ಆರಂಭದಲ್ಲಿ ನಾವು ಸರಪಳಿಯ ಕ್ರಮವನ್ನು ಇಟ್ಟುಕೊಂಡಿದ್ದೆವು. ಚೀಟಿ ಎತ್ತಿ ಹೆಸರುಗಳನ್ನು ಸುತ್ತಾಗಿ ಜೋಡಿಸಿಕೊಂಡರೆ ಪ್ರತಿಯೊಬ್ಬರೂ ತಮ್ಮ ಮುಂದಿನವರಿಗೆ ಮಾಡಿ ಕೊಡುತ್ತಾರೆ, ಹಿಂದಿನವರಿಂದ ಪಡೆಯುತ್ತಾರೆ. ನೋಡಲು ಚೊಕ್ಕವಾದ ಏರ್ಪಾಡು. ಅದರ ದೋಷ ತಿಳಿದದ್ದು ಎರಡನೆಯ ಸಲ, ದಸರೆಯ ಗೊಂಬೆಗಳಿಗೆ ಬೇಕಾದ ವಸ್ತುಗಳನ್ನು ಬದಲಾಯಿಸಿಕೊಂಡಾಗ. ಒಬ್ಬರು ತಮಗೆ ಬಂದ ಪಟ್ಟದ ಗೊಂಬೆಯ ಜರಿ ಉಡುಪನ್ನು ಪಡೆದು, ಬಹಳ ಚೆನ್ನಾಗಿದೆ ಎಂದು ಉತ್ತರವನ್ನೂ ಕಳುಹಿಸಿ, ತಾವು ಕೊಡಬೇಕಾದವರಿಗೆ ಏನನ್ನೂ ಕೊಡಲಿಲ್ಲ. ಇಂದು, ನಾಳೆ ಎಂದರು. ಮಹಾಲಯ ಅಮಾವಾಸ್ಯೆ ಕಳೆಯಿತು, ಪಾಡ್ಯಕ್ಕೆ ಗೊಂಬೆ ಕೂರಿಸಿದ್ದಾಯಿತು, ವಿಜಯದಶಮಿಯ ದಿನ ಗೊಂಬೆಗಳನ್ನು ಮಲಗಿಸಿದ್ದೂ ಆಯಿತು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟರು. ಆ ಸಲ ಬರಿಗೈಯಾದವರು ನಮ್ಮ ಶಿಕ್ಷಕಿ. ಅವರು ಒಂದು ಮಾತೂ ಆಡಲಿಲ್ಲ, ಆಡದಿದ್ದದ್ದೇ ನಮಗೆಲ್ಲ ಚುಚ್ಚಿತು. ಕೊನೆಗೆ ಚಿತ್ರ ಬರೆಯುವ ಹುಡುಗ, ಯಾರೂ ಹೇಳದೆ, ಅವರಿಗಾಗಿ ಗೊಂಬೆ ಮೆಟ್ಟಿಲಿನ ಹಿಂದೆ ತೂಗುಹಾಕುವ ಒಂದು ಪರದೆಯನ್ನು ಬರೆದು ಮುಂದಿನ ವರ್ಷಕ್ಕೆ ಇರಲಿ ಎಂದು ಕೊಟ್ಟುಬಂದ. ಹೊರದೇಶದ ಅದಲುಬದಲುಗಳಲ್ಲಿ ಹೀಗೆ ಕೈಬಿಟ್ಟವರ ಪರವಾಗಿ ಮಾಡಿಕೊಡುವವರಿಗೆ ಏಂಜಲ್ ಎಂಬ ಹೆಸರಿದೆ. ನಾವು ಅವನನ್ನು ಆಪದ್ಬಾಂಧವ ಎಂದೆವು, ಈಗಲೂ ಹಾಗೆಯೇ ಕರೆಯುತ್ತೇವೆ.

ಮಾತು ತಪ್ಪಿದ ಆ ಒಂಬತ್ತನೆಯವರನ್ನು ನಾನು ದೇವರಾಜ ಮಾರುಕಟ್ಟೆಯಲ್ಲಿ ಆಗಾಗ ಕಾಣುತ್ತೇನೆ. ಸೊಪ್ಪಿನ ಬೆಲೆಯ ಬಗ್ಗೆಯೂ ಮಲ್ಲಿಗೆ ಹೂವಿನ ಬೆಲೆಯ ಬಗ್ಗೆಯೂ ಮಾತನಾಡುತ್ತೇವೆ. ಗೊಂಬೆಯ ವಿಷಯವನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನನ್ನ ನೋಟ್‌ಪುಸ್ತಕದಲ್ಲಿ ಅವರ ಹೆಸರಿನ ಮುಂದಿನ ಮನೆ ಖಾಲಿಯಾಗಿಯೇ ಇದೆ.

ಅಂದಿನಿಂದ ಕ್ರಮ ಬದಲಾಯಿತು. ಯಾರು ಯಾರಿಗೆ ಎಂದು ಚೀಟಿ ಎತ್ತುವುದು ಉಳಿದಿದೆ, ಆದರೆ ಈಗ ಎಲ್ಲರೂ ತಮ್ಮ ಕೆಲಸವನ್ನು ಒಬ್ಬರ ಮನೆಗೆ ತಲುಪಿಸಬೇಕು; ಆ ಸಲದ ಮನೆಯವರು ಎಲ್ಲವೂ ಬಂದ ಮೇಲೆಯೇ ವಿಂಗಡಿಸಿ ಹಂಚುತ್ತಾರೆ. ಕೊಡದವರಿಗೆ ಇಲ್ಲ ಎಂದು ಯಾರೂ ಯಾರ ಮುಖಕ್ಕೂ ಹೇಳಬೇಕಾಗಿಲ್ಲ, ಏರ್ಪಾಡೇ ಅದನ್ನು ಹೇಳುತ್ತದೆ. ಇದರಿಂದ ಮನೆಯವರ ಮೇಲೆ ಹೊರೆ ಬೀಳುತ್ತದೆ ಎಂಬುದು ನಿಜ. ಆದರೆ ವಿಂಗಡಿಸುವಾಗ ಎಂಟೂ ಮಂದಿಯ ಕೆಲಸವನ್ನು ಒಟ್ಟಿಗೆ ಹರಡಿಕೊಂಡು ನೋಡುವ ಭಾಗ್ಯವೂ ಅವರಿಗೇ ಸಿಗುತ್ತದೆ, ಆದ್ದರಿಂದ ಈ ಸರದಿಗಾಗಿ ನಮ್ಮಲ್ಲಿ ಸಣ್ಣ ಪೈಪೋಟಿಯೇ ಇದೆ.

ನನ್ನ ಸರದಿ ಬಂದದ್ದು ಚೌಕಗಳ ಸಲ. ಕ್ರೋಶಾ ಹಾಕುವವರಿಗೆಲ್ಲ ಗೊತ್ತಿರುವ ಗ್ರ್ಯಾನಿ ಸ್ಕ್ವೇರ್ ಅದು: ನಡುವಿನ ಒಂದು ಸಣ್ಣ ಉಂಗುರದಿಂದ ಹೊರಟು, ಮೂರು ಮೂರು ಕಂಬಗಳ, ಎಂದರೆ ನೆಟ್ಟಗೆ ನಿಲ್ಲುವ ಹೊಲಿಗೆಗಳ, ಗುಂಪನ್ನು ಹಾಕುತ್ತ, ನಾಲ್ಕು ಮೂಲೆಯಲ್ಲಿ ಎರಡೆರಡು ಗುಂಪು ಸೇರಿಸುತ್ತ ಸುತ್ತು ಸುತ್ತಾಗಿ ಬೆಳೆಯುವ ಚೌಕ. ಪ್ರತಿಯೊಬ್ಬರೂ ಆರು ಇಂಚಿನ ಹದಿನಾರು ಚೌಕಗಳನ್ನು ಮಾಡುವುದು; ಎಲ್ಲರದೂ ಕೂಡಿ 128; ಹಂಚುವಾಗ ಪ್ರತಿಯೊಬ್ಬರಿಗೂ ಎಂಟು ಮನೆಯಿಂದ ಎರಡೆರಡು ಬಂದು ಹದಿನಾರಾಗುತ್ತವೆ; ನಾಲ್ಕು ಸಾಲಿನಲ್ಲಿ ನಾಲ್ಕರಂತೆ ಜೋಡಿಸಿ ಅಂಚು ಕಟ್ಟಿದರೆ ತೊಟ್ಟಿಲಿನ ಮಗುವಿಗೆ ಹೊದಿಸುವಷ್ಟು ದೊಡ್ಡ ಹೊದಿಕೆ ಸಿದ್ಧ. ಕಾಗದದ ಮೇಲೆ ಲೆಕ್ಕ ಬಹಳ ಸೊಗಸಾಗಿತ್ತು. ಎಲ್ಲರಿಗೂ ಕ್ರಮ ಬರೆದು ಕಳುಹಿಸಿದವಳು ನಾನೇ.

ಒಂದು ವಾರದ ಮೇಲೆ ಶಿಕ್ಷಕಿಯ ಫೋನು ಬಂತು. “ನಿಮ್ಮ ಚೌಕ ಹಪ್ಪಳದ ಹಾಗೆ ಅಲೆ ಎದ್ದುಕೊಳ್ಳುತ್ತಿದೆಯಲ್ಲಮ್ಮ. ನಾನು ಐದು ಮುಗಿಸಿದೆ, ಐದೂ ಹಾಗೆಯೇ.” ಕಂಬಗಳ ಲೆಕ್ಕ ಕೇಳಿದೆ, ಸರಿಯಿತ್ತು. ಮೂಲೆ ಕೇಳಿದೆ, ಸರಿಯಿತ್ತು. ಮರುದಿನ ಅವರ ಮನೆಗೆ ಹೋಗಿ, ಅವರು ಹಾಕುವುದನ್ನು ಎದುರಿಗೆ ಕುಳಿತು ನೋಡಿದಾಗ ವಿಷಯ ಹೊಳೆಯಿತು. ನಾನು ಡಬಲ್ ಕ್ರೋಶಾ ಎಂದು ಬರೆದಿದ್ದೆ. ನಾನು ಕಲಿತದ್ದು ಈಚಿನ ವಿಡಿಯೋಗಳಿಂದ, ಅವುಗಳಲ್ಲಿ ಹೆಚ್ಚಿನವು ಅಮೆರಿಕದ ಹೆಸರುಗಳನ್ನು ಬಳಸುತ್ತವೆ. ಅಲ್ಲಿ ಡಬಲ್ ಎಂದರೆ ಕಡ್ಡಿಯ ಮೇಲೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಎತ್ತರದ ಕಂಬ. ಅವರು ಕಲಿತದ್ದು ಬಾಲ್ಯದಲ್ಲಿ, ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ, ಬ್ರಿಟಿಷ್ ಪುಸ್ತಕದಿಂದ. ಅಲ್ಲಿ ಡಬಲ್ ಎಂದರೆ ದಾರವನ್ನು ಮೊದಲೇ ಸುತ್ತಿಕೊಳ್ಳದೆ ಹಾಕುವ ಗಿಡ್ಡ ಹೊಲಿಗೆ. ಅದನ್ನೇ ಅಮೆರಿಕದವರು ಸಿಂಗಲ್ ಎನ್ನುತ್ತಾರೆ, ಅಮೆರಿಕದ ಡಬಲ್ಲನ್ನು ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ. ಕಂಬ ಗಿಡ್ಡವಾಗಿ, ಸುತ್ತಿಗೆ ಸೇರಿಸಿದ ಕಂಬಗಳ ಸಂಖ್ಯೆ ಮಾತ್ರ ಅಷ್ಟೇ ಇದ್ದರೆ ಅಂಚಿನಲ್ಲಿ ಜಾಗ ಸಾಲದೆ ಅಲೆ ಏಳದೆ ಇನ್ನೇನಾದೀತು? ತಪ್ಪು ಪೂರ್ತಿ ನನ್ನದು. ಎಷ್ಟು ಸಲ ದಾರ ಸುತ್ತಬೇಕೆಂದು ಬರೆದಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು.

ಅವರು ಐದು ಚೌಕಗಳನ್ನೂ ನನ್ನೆದುರಿಗೇ ಬಿಚ್ಚಿದರು. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿ ಶ್ಯಾವಿಗೆಯಂತೆ ಬಂತು. ಹಾಗೆಯೇ ಮತ್ತೆ ಹಾಕಿದರೆ ಹೊಲಿಗೆ ಸಮನಾಗಿ ಕೂರುವುದಿಲ್ಲ. ಕುರ್ಚಿಯ ಬೆನ್ನಿಗೆ ಅದನ್ನು ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ಅದ್ದಿ ಹಿಂಡದೆ ತೂಗುಹಾಕಿ, ಕೆಳಗಡೆ ಒಂದು ಸೌಟನ್ನು ಸಿಕ್ಕಿಸಿದರು. ಆ ಭಾರಕ್ಕೆ ಮರುದಿನ ಬೆಳಗಿನ ಹೊತ್ತಿಗೆ ದಾರ ನೆಟ್ಟಗಾಗಿತ್ತಂತೆ. ಅಷ್ಟಾಗಿಯೂ ಹದಿನಾರು ಚೌಕಗಳನ್ನು ತಾರೀಖಿಗೆ ಎರಡು ದಿನ ಮುಂಚೆಯೇ ತಲುಪಿಸಿದವರು ಅವರೊಬ್ಬರೇ. ಆ ಬಳಿಕ ನಾವು ಕ್ರಮ ಬರೆಯುವಾಗ ಇಂಗ್ಲಿಷ್ ಹೆಸರುಗಳ ಸಹವಾಸ ಬಿಟ್ಟಿದ್ದೇವೆ. ಸರಪಳಿ, ದಾರ ಸುತ್ತದ ಕಂಬ, ಒಂದು ಸುತ್ತಿನ ಕಂಬ, ಎರಡು ಸುತ್ತಿನ ಕಂಬ ಎಂದು ಬರೆದರೆ ಯಾವ ದೇಶದ ಪುಸ್ತಕದಿಂದ ಕಲಿತವರಿಗೂ ಗೊಂದಲವಾಗುವುದಿಲ್ಲ.

128 ಚೌಕಗಳು ಒಟ್ಟಾದ ದಿನ ಅವುಗಳನ್ನು ನಡುಮನೆಯ ಚಾಪೆಯ ಮೇಲೆ ಹರಡಿಕೊಂಡು ಕುಳಿತೆ. ಒಂದೇ ಕ್ರಮ, ಒಂದೇ ಅಳತೆಯ 4 ಮಿಲಿಮೀಟರಿನ ಕಡ್ಡಿ, ಒಂದೇ ದಪ್ಪದ ದಾರ. ಆದರೂ ಐದೂವರೆ ಇಂಚಿನಿಂದ ಆರೂವರೆ ಇಂಚಿನವರೆಗೆ ಎಲ್ಲ ಅಳತೆಯ ಚೌಕಗಳೂ ಅಲ್ಲಿದ್ದವು. ಬ್ಯಾಂಕಿನವರೊಬ್ಬರ ಕೈ ಎಷ್ಟು ಬಿಗಿಯೆಂದರೆ ಅವರ ಚೌಕ ನೆಲದ ಮೇಲೆ ಬಿಲ್ಲೆಯಂತೆ ಸೆಟೆದು ನಿಲ್ಲುತ್ತಿತ್ತು, ನನ್ನದು ಜಾಳು. ಕ್ರೋಶಾ ಕಡ್ಡಿಯನ್ನು ಅದೇ ಮೊದಲ ಸಲ ಹಿಡಿದಿದ್ದ ಚಿತ್ರಗಾರ ಹುಡುಗನ ಹದಿನಾರು ಚೌಕಗಳು ಮಾತ್ರ ಒಂದರ ಮೇಲೊಂದು ಇಟ್ಟರೆ ಒಂದೇ ಎನ್ನುವಂತಿದ್ದವು. ಕೂದಲೆಳೆಯ ಗೆರೆ ಎಳೆದು ಪಳಗಿದ ಕೈ ಅದು, ನಮಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಸಂಕ್ರಾಂತಿಯ ಎಳ್ಳು ಬೀರುವ ಮನೆಗಳಲ್ಲಿ ಬೆಳೆದವರಿಗೆ ಇದು ಆಶ್ಚರ್ಯವಾಗಬಾರದು. ಎಲ್ಲರ ಮನೆಯದೂ ಅದೇ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ. ಆದರೂ ಕಣ್ಣು ಮುಚ್ಚಿಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಇದು ಆಚೆಬೀದಿಯ ಅಜ್ಜಿಯ ಮನೆಯದು, ಕೊಬ್ಬರಿಯನ್ನು ಇಷ್ಟು ಸಣ್ಣಗೆ ಹೆಚ್ಚುವವರು ಅವರೇ ಎಂದು ನಾವು ಹೇಳುತ್ತಿದ್ದೆವು.

ಆದರೆ ಎಳ್ಳನ್ನು ಜೋಡಿಸಿ ಹೊಲಿಯಬೇಕಾಗಿಲ್ಲ, ಚೌಕಗಳನ್ನು ಹೊಲಿಯಬೇಕು. ಹತ್ತಿ ದಾರದವನ್ನು ಒದ್ದೆ ಮಾಡಿ, ದಪ್ಪ ರಟ್ಟಿನ ಮೇಲೆ ಆರು ಇಂಚಿಗೆ ಎಳೆದು ಗುಂಡುಪಿನ್ನು ಚುಚ್ಚಿ ಒಣಗಿಸಿದರೆ ಅವು ಮಾತು ಕೇಳುತ್ತವೆ. ಅಕ್ರಿಲಿಕ್ ದಾರದವು ತಣ್ಣೀರಿಗೆ ಬಗ್ಗುವುದಿಲ್ಲ; ಮೇಲಿನಿಂದ ಹಬೆ ಹಾಯಿಸಬೇಕು, ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ತಾಗಿಸಬಾರದು, ತಾಗಿದರೆ ದಾರ ಕರಗಿ ಚಪ್ಪಟೆಯಾಗಿ ಮತ್ತೆಂದೂ ಏಳುವುದಿಲ್ಲ. ಎರಡೂ ಬಗೆಯನ್ನು ಒಂದೇ ಹೊದಿಕೆಯಲ್ಲಿ ಸೇರಿಸಿದರೆ ಒಗೆದಾಗ ಹತ್ತಿ ಸ್ವಲ್ಪ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ, ಕೂಡಿದ ಕಡೆ ಸುಕ್ಕು ಹಿಡಿಯುತ್ತದೆ. ದಾರ ಯಾವುದೆಂದು ನಾನು ಮೊದಲೇ ಹೇಳಿರಲಿಲ್ಲವಾದ್ದರಿಂದ ಐದು ಮನೆಯಿಂದ ಹತ್ತಿ, ಮೂರು ಮನೆಯಿಂದ ಅಕ್ರಿಲಿಕ್ ಬಂದಿತ್ತು. ಚಿಕ್ಕ ಚೌಕಗಳಿಗೆ ಇನ್ನೊಂದು ಸುತ್ತು ಸೇರಿಸಿ, ದೊಡ್ಡವುಗಳನ್ನು ಸಣ್ಣ ಕಡ್ಡಿಯಿಂದ ಬಿಗಿಯಾಗಿ ಕೂಡಿಸಿ ಹೇಗೋ ದಡ ಸೇರಿಸಿದೆವು. ನನ್ನ ಪಾಲಿನ ಹೊದಿಕೆ ತಂಗಿಯ ಮಗಳಿಗೆ ಹೋಯಿತು. ಅದರ ಬಲಗಡೆಯ ಅಂಚು ಈಗಲೂ ಸ್ವಲ್ಪ ಓರೆಯಾಗಿದೆ.

ಬೆಲೆಯ ಮಾತು ಬಂದದ್ದು ಒಮ್ಮೆ ಮಾತ್ರ. ಚಿತ್ರಗಾರ ಹುಡುಗ ಆ ಸಲ ಅಂಗೈಯಗಲದ ಹಲಗೆಯ ಮೇಲೆ ಗಜಲಕ್ಷ್ಮಿಯನ್ನು ಬರೆದಿದ್ದ. ಮೈಸೂರು ಶೈಲಿಯಲ್ಲಿ ಚಿನ್ನದ ರೇಕು ಹಚ್ಚುವುದಕ್ಕೆ ಮೊದಲು ಒಡವೆ, ಅಂಚು, ಪ್ರಭಾವಳಿಗಳಿಗೆ ಗೆಸ್ಸೊ ಎಂಬ ಸರಿಯನ್ನು ಕುಂಚದಿಂದ ಉಬ್ಬಿಸುತ್ತಾರೆ; ತಂಜಾವೂರಿನದಕ್ಕೆ ಹೋಲಿಸಿದರೆ ಇಲ್ಲಿಯ ಉಬ್ಬು ಬಹಳ ತೆಳು, ಬೆರಳಾಡಿಸಿದರೆ ಮಾತ್ರ ತಿಳಿಯುವಂಥದು. ಅಂಥ ಕೆಲಸಕ್ಕೆ ಪ್ರತಿಯಾಗಿ ಅವನಿಗೆ ಸಿಕ್ಕಿದ್ದು ಲೋಟದ ಕೆಳಗಿಡುವ ಆರು ಕ್ರೋಶಾ ಬಿಲ್ಲೆಗಳು. ಇದು ಅನ್ಯಾಯ, ಇನ್ನು ಮುಂದೆ ಇಷ್ಟು ರೂಪಾಯಿಯ ವಸ್ತು ಎಂದು ಗೊತ್ತುಮಾಡೋಣ ಎಂದು ನಮ್ಮಲ್ಲಿ ಒಬ್ಬರು ಹೇಳಿದರು. ಅವರ ಕಾಳಜಿ ನ್ಯಾಯವಾದದ್ದೇ. ಕೈಕೆಲಸದವರ ದುಡಿಮೆಯನ್ನು ಎಲ್ಲರೂ ಬಿಟ್ಟಿಯೆಂದು ತಿಳಿಯುವ ಕಾಲದಲ್ಲಿ ನಾವಾದರೂ ಲೆಕ್ಕ ಇಡಬೇಡವೇ? ಆದರೆ ಹುಡುಗ ಒಪ್ಪಲಿಲ್ಲ. “ಬೆಲೆ ಕಟ್ಟೋದಾದ್ರೆ ನಾನು ಮಾರ್ತೀನಿ ಮೇಡಂ, ಇಲ್ಲಿಗೆ ಯಾಕೆ ತರಲಿ?” ಎಂದ. ನಾನೂ ಅವನ ಕಡೆಗೇ ವಾಲಿದೆ. ಕುಚ್ಚಿಗೆ ದುಡ್ಡು ತೆಗೆದುಕೊಳ್ಳುವಾಗ ಬಣ್ಣ ಗಿರಾಕಿಯದು, ಮಣಿ ಗಿರಾಕಿಯದು, ಗಡುವೂ ಗಿರಾಕಿಯದು. ಇಲ್ಲಿ ಗಡುವನ್ನು ಬಿಟ್ಟು ಉಳಿದದ್ದೆಲ್ಲ ನನ್ನದು. ಬೆಲೆ ಗೊತ್ತುಮಾಡಿದ ದಿನ ನಾನು ಮತ್ತೆ ಅಂಚೆ ಕಟಕಟೆಯ ಮುಂದೆ ಪೆನ್ನು ಹಿಡಿದು ನಿಂತಂತಾಗುತ್ತದೆ.

ಬೆಲೆಯ ಬದಲಿಗೆ ನಾವು ಗೊತ್ತುಮಾಡಿಕೊಂಡದ್ದು ಬೇಡದ ಚೀಟಿ. ನಿಮಗೆ ಏನು ಬೇಕು ಎಂದು ಕೇಳಿದರೆ ಸಂಕೋಚದಿಂದ ಎಲ್ಲರೂ ಏನಾದರೂ ಸರಿ ಎನ್ನುತ್ತಾರೆ, ಅದರಿಂದ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಏನು ಬೇಡ ಎಂದು ಕೇಳಿದರೆ ಮಾತ್ರ ನಿಜ ಹೊರಡುತ್ತದೆ. ಉಣ್ಣೆ ಬೇಡ, ಮೈ ತುರಿಸುತ್ತದೆ. ನುಸಿಗುಳಿಗೆಯ ವಾಸನೆ ಇರುವ ಬಟ್ಟೆ ಬೇಡ, ಮನೆಯಲ್ಲಿ ಉಬ್ಬಸದವರಿದ್ದಾರೆ. ಸಣ್ಣ ಮಣಿ ಬೇಡ, ಮಗು ನುಂಗುತ್ತದೆ. ಕಾಲೊರಸಿನ ಮೇಲೆ ದೇವರ ಚಿತ್ರ ಬೇಡ. ಒಂದು ಸಾಲಿನ ಇಂಥ ಚೀಟಿಯಿಂದ ಆ ಮನೆಯ ಬಗ್ಗೆ ತಿಳಿಯುವಷ್ಟು ವಿಷಯ ಅರ್ಧ ಗಂಟೆಯ ಮಾತಿನಲ್ಲೂ ತಿಳಿಯುವುದಿಲ್ಲ.

ಅಂಚೆಯ ವಿಷಯದಲ್ಲಿ ಹೆಚ್ಚು ಹೇಳುವಂಥದೇನಿಲ್ಲ. ಮಂಡ್ಯದವರಲ್ಲಿ ಯಾರಾದರೂ ಮೈಸೂರಿಗೆ ಬರುವ ರೈಲಿನಲ್ಲಿ ಎಲ್ಲರ ಗಂಟನ್ನೂ ಹೊತ್ತು ತರುವುದೇ ವಾಡಿಕೆ. ಬಾರದಿದ್ದಾಗ ಮೊದಲು ರಿಜಿಸ್ಟರ್ಡ್ ಅಂಚೆಯನ್ನು ನೆಚ್ಚಿಕೊಂಡಿದ್ದೆವು. 2025ರಲ್ಲಿ ಅದು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾದ್ದರಿಂದ ಈಗ ಅದೇ ಗತಿ. ಬಿಳಿ ಬಟ್ಟೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಬಾರದು, ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಚೀಲ ಇರಬೇಕು ಎಂಬುದಿಷ್ಟನ್ನು ನಾವು ಪೆಟ್ಟು ತಿಂದು ಕಲಿತೆವು.

ಇನ್ನೊಂದು ಪೆಟ್ಟಿನ ಕಥೆ ಸ್ವಲ್ಪ ದೊಡ್ಡದು, ಅದು ಪಾಂಡವಪುರದ ಗೆಳತಿಗೂ ನನಗೂ ಸಂಬಂಧಿಸಿದ್ದು. ಒಂದು ದಸರೆಗೆ ನಾನು ಆಕೆಗಾಗಿ ಬಿಳಿ ಖಾದಿಯ ಮೇಲೆ ಕೆಂಪು ದಾರದಲ್ಲಿ ಕಸೂತಿಯ ತೇರು, ಗೋಪುರ, ತುಳಸಿಕಟ್ಟೆಗಳನ್ನು ಹೊಲಿದಿದ್ದೆ. ಆಂಕರ್ ದಾರದ ಲಡಿಯೊಂದರಲ್ಲಿ ಎಂಟು ಮೀಟರು ಇರುತ್ತದೆ, ಆರು ಎಳೆ. ಕಳಶದ ಹತ್ತಿರ ಬಂದಾಗ ದಾರ ಮುಗಿಯಿತು. ಅಂಗಡಿಯಲ್ಲಿ ಆ ಬಣ್ಣ ಇರಲಿಲ್ಲ, ತಾರೀಖು ಹತ್ತಿರವಾಗಿತ್ತು. ಮನೆಯಲ್ಲಿದ್ದ, ಎಲ್ಲಿಯೋ ಸಗಟಿನಲ್ಲಿ ಅಗ್ಗವಾಗಿ ಕೊಂಡಿದ್ದ ಇನ್ನೊಂದು ಕೆಂಪು ದಾರದಲ್ಲಿ ಮುಗಿಸಿದೆ. ಕಣ್ಣಿಗೆ ಎರಡೂ ಒಂದೇ ಕೆಂಪು. ಹಿಂಬದಿಯೂ ಚೊಕ್ಕ. ಆಕೆ ಅದನ್ನು ಗೊಂಬೆಗಳ ಕೆಳಗಿನ ಮೆಟ್ಟಿಲಿಗೆ ಹಾಸಿ, ಹಬ್ಬ ಮುಗಿದ ಮೇಲೆ ಒಗೆದಳು. ಸಂಜೆ ಫೋಟೋದೊಂದಿಗೆ ಸಂದೇಶ ಬಂತು: “ತೇರು ಚೆನ್ನಾಗೈತೆ ಕಣಕ್ಕ, ಆದ್ರೆ ಊರೆಲ್ಲ ಓಕುಳಿ ಆಗೋಗದೆ.”

ನಾಚಿಕೆಯಿಂದ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹಿರಿಯರು ಹೇಳುತ್ತಾರೆ. ಎಳೆಗೆ ಹಿಡಿಯದೆ ಮೇಲೆಯೇ ಕುಳಿತಿರುವ ಬಣ್ಣಕ್ಕೆ ಅದರಿಂದ ಪ್ರಯೋಜನವಾಗದೆಂದು ಆಮೇಲೆ ನಾನೇ ಮಾಡಿ ತಿಳಿದುಕೊಂಡೆ. ಈಗ ಯಾವ ಗಾಢ ಬಣ್ಣದ ದಾರವನ್ನಾದರೂ ಹೊಲಿಯುವುದಕ್ಕೆ ಮೊದಲು ಒದ್ದೆ ಮಾಡಿದ ಬಿಳಿ ಬಟ್ಟೆಯ ಮಡಿಕೆಯಲ್ಲಿ ಒಂದು ತುಂಡನ್ನಿಟ್ಟು ಬಿಸಿ ಇಸ್ತ್ರಿ ಒತ್ತುತ್ತೇನೆ. ಬಟ್ಟೆಗೆ ಬಣ್ಣ ಇಳಿದರೆ ಆ ಲಡಿ ಹಬ್ಬದ ತೋರಣ ಕಟ್ಟುವುದಕ್ಕೆ ಹೋಗುತ್ತದೆ, ಒಗೆಯುವ ಬಟ್ಟೆಗಲ್ಲ.

ಮುಂದಿನ ಸಂಕ್ರಾಂತಿಗೆ ಆಕೆಯಿಂದ ನನಗೆ ಬಂದದ್ದು ಭತ್ತದ ತೆನೆಯ ತೋರಣ. ನಾಲೆಯ ನೀರಿನಲ್ಲಿ ಬೆಳೆದ ಅವರದೇ ಗದ್ದೆಯ ಭತ್ತ. ಅದನ್ನು ಹೆಣೆಯುವ ಬಗೆಯನ್ನು ಆಮೇಲೆ ಅವರ ಜಗಲಿಯಲ್ಲಿ ಕುಳಿತು ನೋಡಿದ್ದೇನೆ. ಕಾಳು ತುಂಬಿದ ಮೇಲೆ, ಆದರೆ ಪೂರ್ತಿ ಬಲಿತು ಉದುರುವುದಕ್ಕೆ ಮುಂಚೆ, ಉದ್ದ ದಂಟಿನ ಸಮೇತ ತೆನೆ ಕೊಯ್ಯಬೇಕು. ಒಣಗಿದ ದಂಟನ್ನು ಹಾಗೆಯೇ ಮಡಿಸಿದರೆ ಮುರಿಯುತ್ತದೆ. ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೆತ್ತಗಾದ ಮೇಲೆ ಜಡೆಯಂತೆ ಹೆಣೆದು, ಮೂರು ಮೂರು ತೆನೆಯನ್ನು ಸೇರಿಸುತ್ತ ಹೋದರೆ ಕೆಳಗೆ ಕಾಳಿನ ಗೊಂಚಲು ಇಳಿಬೀಳುತ್ತದೆ. ಆಕೆಯ ಬೆರಳು ದಂಟನ್ನು ತಿರುವುವ ವೇಗಕ್ಕೆ ನನ್ನ ಕಣ್ಣು ಸಾಲದಾಯಿತು. ಬಾಗಿಲಿಗೆ ಕಟ್ಟಿದಾಗ ಬೀದಿಯವರೆಲ್ಲ ನಿಂತು ನೋಡಿದರು. ಆದರೆ ಹೆಣೆಯುವಾಗ ಸೇರಿದ ತೇವ ಪೂರ್ತಿ ಆರುವ ಮೊದಲೇ, ಗಡುವು ತಪ್ಪಬಾರದೆಂದು, ಚೀಲದೊಳಗೆ ಕಟ್ಟಿ ಕಳುಹಿಸಿದ್ದಳು. ಮೂರನೆಯ ವಾರಕ್ಕೆ ಹೊಸ್ತಿಲ ಮೇಲೆ ಹಿಟ್ಟಿನಂಥ ಪುಡಿ ಬೀಳತೊಡಗಿತು, ನಾಲ್ಕನೆಯ ವಾರಕ್ಕೆ ಹುಳುಗಳು ಅಡುಗೆಮನೆಯ ಅಕ್ಕಿ ಡಬ್ಬದ ದಾರಿ ಕಂಡುಕೊಂಡವು. ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಜೋರಾದ ನಗು. “ಮುಯ್ಯಿಗೆ ಮುಯ್ಯಿ ಆಯ್ತು ಬುಡಕ್ಕ!” ಉಪಕಾರ ತೀರಿಸುವುದಕ್ಕೂ ಸೇಡು ತೀರಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು ಇರುವುದು ಅಂದು ಬಹಳ ಅನುಕೂಲವಾಯಿತು. ಈಗ ಆಕೆ ಹೆಣೆದ ತೋರಣವನ್ನು ಮೂರು ದಿನ ಖಡಕ್ಕಾದ ಬಿಸಿಲಿಗೆ ಒಡ್ಡಿ, ಒಣಗಿದ ಬೇವಿನ ಸೊಪ್ಪಿನ ನಡುವೆ ಇಟ್ಟು ಕಳುಹಿಸುತ್ತಾಳೆ.

ಈ ಸಲದ ಚೀಟಿ ಎತ್ತಿದ್ದು ಹೋದ ಭಾನುವಾರ, ಶಿಕ್ಷಕಿಯವರ ಮನೆಯಲ್ಲಿ. ನನ್ನ ಪಾಲಿಗೆ ಮತ್ತೆ ಪಾಂಡವಪುರವೇ ಬಂದಿದೆ. ಏನು ಮಾಡುವುದೆಂದು ಇನ್ನೂ ತೀರ್ಮಾನಿಸಿಲ್ಲ. ಆಕೆಯ ಮನೆಯ ದೇವರ ಕೋಣೆಯ ಬಾಗಿಲಿಗೆ ಒಂದು ಪರದೆ ಹೊಲಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ, ಬಟ್ಟೆಯನ್ನಂತೂ ಒಗೆದು ಒಣಹಾಕಿದ್ದೇನೆ. ಅವಳ ಬೇಡದ ಚೀಟಿ ನನ್ನ ಹೊಲಿಗೆ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿದೆ. ಅದರಲ್ಲಿ ಒಂದೇ ಪದವಿದೆ: ಕೆಂಪು.